ಟೆಂಪರ್ವರಿ ಮನೆಯ ಮೊಳೆ

ಅಪ್ಪಾ,

ಇವತ್ತು ಬೆಳಿಗ್ಗೆ ಗೋಡೆಗೆ ಮೊಳೆ ಹೊಡೆದೆ. ಹೌದು, ಪಟ್ಟಂದೂರು ಅಗ್ರಹಾರದ ಇದೇ ಬಾಡಿಗೆ ಮನೆಯ ಗೋಡೆಗೆ, ಅದೂ ನಿನ್ನದೇ ಗಾರೆ ಕೆಲಸದ ಸುತ್ತಿಗೆಯಿಂದ.

‘ಮೊಳಿ ಬಡೀಬ್ಯಾಡವಾ, ಇದು ಟೆಂಪರ್ವರಿ ಮನಿ, ನಾಳೆ ಊರಿಗೆ ಹೊಳ್ಳಿ ಹೋಗೋರು ನಾವು,’ ಎನ್ನುತ್ತಿದ್ದೆ ನೀನು. ಟೆಂಪರ್ವರಿ ಎಂದರೆ ಸ್ವಲ್ಪ ಕಾಲದ್ದು ಎಂದು ಶಾಲೆಯಲ್ಲಿ ಕಲಿಸಿದರು. ನಿನ್ನ ಬಾಯಲ್ಲಿ ಮಾತ್ರ ಆ ಪದ ಮುಗಿಯಲೇ ಇಲ್ಲ. ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದರೂ ಕನ್ನಡಿ ನೆಲದ ಮೇಲೇ ಇತ್ತು. ಅವ್ವ ಅದರ ಮುಂದೆ ಕುಕ್ಕರಗಾಲಲ್ಲಿ ಕೂತೇ ತಲೆ ಬಾಚಿಕೊಂಡಳು.

ಸದ್ದು ಕೇಳಿ ಓನರ್ ಪಿಳ್ಳಮ್ಮ ಕೆಳಗಿನ ಮನೆಯಿಂದ ಓಡಿ ಬಂದರು. ‘ಏನಮ್ಮಾ ದಾನೇಶ್ವರಿ, ಯಾರನ್ನ ಕೇಳಿ ಮೊಳೆ ಜಡೀತಿದೀಯ? ನಾಳೆ ಖಾಲಿ ಮಾಡ್ಕೊಂಡ್ ಓಗೋರು ನೀವು!’

‘ಈ ಗೋಡೆ ಕಟ್ಟಿದ್ದೇ ನಮ್ಮಪ್ಪ, ಆಂಟಿ. ನಾನೆಲ್ಲೂ ಹೋಗಲ್ಲ,’ ಎಂದೆ. ಸುತ್ತಿಗೆ ಕೆಳಗಿಡಲಿಲ್ಲ.

ಅವರು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ‘ಅಂಗಾದ್ರೆ ಒಂದೇ ಸಾಕು ಕಣಮ್ಮ,’ ಎಂದು ಗೊಣಗುತ್ತಾ ಇಳಿದು ಹೋದರು.

ಒಂದೇ ಸಾಕಾಯಿತು. ಕನ್ನಡಿ ಇನ್ನೂ ನೆಲದ ಮೇಲೇ ಇದೆ. ಮೊಳೆಗೆ ನಿನ್ನ ಫೋಟೋ ನೇತುಹಾಕಿದ್ದೇನೆ, ಹಾರದ ಸಮೇತ. ಬೈಯಬೇಕೆನಿಸಿದರೆ ಅಲ್ಲಿಂದಲೇ ಬೈಯಿ. ಈ ಮನೆಯಲ್ಲಿ ಟೆಂಪರ್ವರಿ ಆಗಿದ್ದವನು ನೀನೊಬ್ಬನೇ.