ಕಿವಿ ಚುಚ್ಚಿದ ದಿನದ ಚಾಪೆ

ಕಾಮಸಮುದ್ರ
೧೦ ಫೆಬ್ರವರಿ ೨೦೨೫

ಪ್ರೀತಿಯ ಮುನೇಶ,

ನೀನೂ ಪುಷ್ಪಳೂ, ಗಂಡ ಹೆಂಡತಿ ಇಬ್ಬರೂ, ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಮಾರಿಕುಪ್ಪಂ ಇಲ್ಲಿಂದ ದೂರವೇನಲ್ಲ; ಆದರೂ ಈ ಕಾಗದಕ್ಕೆ ನಾಲ್ಕು ವರ್ಷ ಹಿಡಿಯಿತು. ತಪ್ಪು ನನ್ನದೇ.

ಹೋದ ವರ್ಷ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕಾಗ ಪುಷ್ಪ ನಿನ್ನ ಕಾಯಿಲೆಯ ಹೆಸರು ಹೇಳಿದಳು: ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳಿನ ಹುಣ್ಣು. ಅದೇ ಈಗ ನನಗೂ ಬಂದಿದೆ.

ಮೊದಲು ರಕ್ತ ಕಂಡಾಗ ಪಕ್ಕದ ಮನೆಯ ವೆಂಕಟರತ್ನಮ್ಮ, "ಮೂಲವ್ಯಾಧಿ ಕಣಮ್ಮ, ಮೈ ಉಷ್ಣ ಆಗೈತೆ. ಮೂಲಂಗಿ ತಿನ್ನು, ಓಗ್ತದೆ" ಎಂದರು. ಆರು ತಿಂಗಳು ತಿಂದೆ. ಕೊನೆಗೆ ಕೋಲಾರದ ಡಾಕ್ಟರು ಕ್ಯಾಮೆರಾ ಬಿಟ್ಟು ನೋಡಿ ಮಾತ್ರೆ ಬರೆದರು. ರಕ್ತ ನಿಂತಿತೆಂದು ಮಾತ್ರೆ ಬಿಟ್ಟೆ. ತಿಂಗಳೊಳಗೆ ಮತ್ತೆ ಬಂತು. "ಕಾಯಿಲೆ ಮಲಗಿದೆ ಅಷ್ಟೆ, ಹೋಗಿಲ್ಲ" ಎಂದು ಡಾಕ್ಟರು ಬೈದರು. ಈಗ ತಪ್ಪದೆ ನುಂಗುತ್ತೇನೆ.

ಬಂಗಾರಪೇಟೆಯ ದಾರಿಯಲ್ಲಿ ಹೊಟ್ಟೆ ಅವಸರ ಮಾಡಿದರೆ ಇಳಿಯಬಹುದಾದದ್ದು ಎರಡೇ ಕಡೆ: ಒಂದು ಶಾಲೆ, ಒಂದು ಪೆಟ್ರೋಲ್ ಬಂಕು. ನಡುವೆ ಎಂಟು ಕಿಲೋಮೀಟರು ಏನೂ ಇಲ್ಲ. ಅಷ್ಟು ದೂರವೂ ಬಸ್ಸಿನಲ್ಲಿ ನೀನೇ ನೆನಪಾಗುತ್ತೀಯ.

ನಾಲ್ಕು ವರ್ಷದ ಹಿಂದೆ ಗುಡಿಯಲ್ಲಿ ನನ್ನ ದೊಡ್ಡವಳು ಸುಮಿತಾಳ ಕಿವಿ ಚುಚ್ಚುವ ದಿನ ಮಗು ಸೋದರಮಾವನಾದ ನಿನ್ನ ತೊಡೆಯ ಮೇಲಿತ್ತು. ಆಚಾರಿ ಒಂದು ಕಿವಿ ಚುಚ್ಚಿದ್ದ. ನೀನು ಮಗುವನ್ನು ಕೆಳಗಿಟ್ಟು ಗುಡಿಯ ಹಿಂದೆ ಓಡಿದೆ, ತಿರುಗಿ ಬರಲಿಲ್ಲ. "ಓಲೆ ಕೊಡ್ಬೇಕಾಗ್ತದೆ ಅಂತ ಓಡೋದ ನಿನ್ ತಮ್ಮ. ಏನ್ ಕೊಬ್ಬೇ ಅವನ್ಗೆ!" ಎಂದು ಅತ್ತೆ ನಗಾಡಿದರು. ಸಂಜೆ ನಾನು ಫೋನ್ ಮಾಡಿ, "ಇನ್ಮೇಲೆ ನಮ್ಮನೆ ಬಾಗ್ಲು ತುಳೀಬೇಡ ಕಣ್ಲಾ" ಎಂದೆ. ನೀನು, "ಆಯ್ತಕ್ಕ" ಎಂದೆ. ಅಷ್ಟೇ.

ಈ ತಿಂಗಳ ಕೊನೆಯ ಭಾನುವಾರ ಚಿಕ್ಕವಳು ವನಿತಾಳಿಗೆ ಕಿವಿ ಚುಚ್ಚಿಸುತ್ತೇವೆ. ಗುಡಿಯಲ್ಲಲ್ಲ, ಮನೆಯಲ್ಲೇ. ನೀನು ಕೂರುವ ಜಾಗದಿಂದ ಪಾಯಿಖಾನೆಗೆ ಆರು ಹೆಜ್ಜೆ, ಅಳೆದಿದ್ದೇನೆ. ನನಗೆಂದು ಮಾಡುವ ಖಾರವಿಲ್ಲದ ಸಾರು ಇಬ್ಬರಿಗಾಗುತ್ತದೆ. ನಡುವೆ ಏಳಬೇಕಾದರೆ ಏಳು. ಆಚಾರಿ ಕಾಯುತ್ತಾನೆ, ಹೇಳಿದ್ದೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ, ತಮ್ಮ.

ನಿನ್ನ ಅಕ್ಕ,
ಶಶಿರೇಖ

ತಾ.ಕ.: ಪುಷ್ಪ ಹೇಳಿದ ಮೇಲೆಯೇ ನಿನ್ನ ಕಾಯಿಲೆ ನನಗೆ ಗೊತ್ತಾದಂತೆ ಮೇಲೆ ಬರೆದಿದ್ದೇನೆ. ಹೆಸರು ಗೊತ್ತಾದದ್ದು ಆಗ. ಆ ದಿನ ನೀನು ಕೂತಿದ್ದ ಚಾಪೆ ಎತ್ತಿದವಳು ನಾನೇ. ರಕ್ತದ ಕಲೆ ನೋಡಿದೆ. ಅತ್ತೆಯವರ ಮುಂದೆ ತಮ್ಮನಿಗೆ ಕಾಯಿಲೆ ಎನ್ನುವುದಕ್ಕಿಂತ ಕೊಬ್ಬು ಎನ್ನುವುದು ನನಗೆ ಸುಲಭವಾಯಿತು. ಚಾಪೆಯನ್ನು ಒಳಮುಖವಾಗಿ ಸುತ್ತಿ ತಂದು, ತೊಳೆದು, ಒಣಗಲು ಹಾಕಿದೆ. ಆಮೇಲೆ ನಿನಗೆ ಫೋನ್ ಮಾಡಿದೆ.