ಬೆಳಗಿನ ದೋಣಿ ತಪ್ಪಿದ್ದು

ಪಿಟಿ ಮಾರ್ಟಿನೀಕ್ ದ್ವೀಪ
ಮಾರ್ಚ್ ೧೪, ಗುರುವಾರ

ಪ್ರೀತಿಯ ಆಲ್ಸ್ಟನ್,

ಹೇಗಿದ್ದೀ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ನಾನು ಕೊಟ್ಟ ಎಣ್ಣೆ ಹಚ್ಚುತ್ತಿದ್ದೀ ತಾನೇ? ಹಚ್ಚಿರುವುದಿಲ್ಲ, ನಿನ್ನ ಸ್ವಭಾವ ಗೊತ್ತು. ಫೋನಿನಲ್ಲಿ ನನ್ನ ಮಾತು ಮುಗಿಯುವ ತನಕ ನೀನು ಕಾಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ, ಈ ದ್ವೀಪದಲ್ಲಿ ಟಾಂಟಿ ಬಿದ್ದಳೆಂದು ಮನೆಗೆ ಸುದ್ದಿ ಬಂತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಚಿಕ್ಕಮ್ಮ ಅವಳು. ಒಂದು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡು ನಮ್ಮ ಹಿಲ್ಸ್‌ಬರೋ ದೋಣಿಕಟ್ಟೆಗೆ ಓಡಿದೆ. ದೋಣಿ ನಡೆಸುವ ಬೋಯ್ಸ್ ಆಗಲೇ ಹಗ್ಗ ಬಿಚ್ಚುತ್ತಿದ್ದ. ನೀನು ಕೊಟ್ಟ ಕಾರ್ಡ್ ತೋರಿಸಿದೆ. "ಇದನ್ನ ಎಲ್ಲಿ ಉಜ್ಜಲಿ ತಾಯಿ, ಇಂಜಿನ್‌ಗಾ?" ಅಂದ. ದೋಣಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಇನ್ನೇನು ಮಾಡಲಿ? ನೋಟು ಕೈಯಲ್ಲಿದ್ದರೆ ಹೆಂಗಸರಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ ಎಂದು ನೀನು ಕಾರ್ಡ್ ಒಂದನ್ನೇ ಕೊಟ್ಟು ಹೋದೆ. ಯಂತ್ರದಿಂದ ಹಣ ತೆಗೆಯುವ ಗುಟ್ಟಿನ ಸಂಖ್ಯೆಯನ್ನು ನಿನ್ನ ಹತ್ತಿರವೇ ಇಟ್ಟುಕೊಂಡೆ. ನಾನು ಸೋಪು ಕೊಂಡರೂ ಅಲ್ಲಿ ನಿನ್ನ ಫೋನ್ ಟಿಣ್ ಎನ್ನುತ್ತದೆ. ಇಲ್ಲಿ ಬಸ್ಸಿಗೆ ನೋಟು ಬೇಕು, ಮೀನಿಗೆ ಬೇಕು, ಚರ್ಚಿನ ತಟ್ಟೆಗೂ ಬೇಕು. ಎರಡು ವರ್ಷದಿಂದ ಮೂರನ್ನೂ ಬಿಟ್ಟಿದ್ದೇನೆ. ನೀನು ಗಮನಿಸಿದೆಯೋ ಇಲ್ಲವೋ.

ನಾಲ್ಕು ಸಲ ನಿನಗೆ ಕರೆ ಮಾಡಿದೆ, ಎತ್ತಲಿಲ್ಲ. ದೋಣಿ ಹೊರಟುಹೋಯಿತು. ಕಟ್ಟೆಯ ಪಕ್ಕದ ರಮ್ ಅಂಗಡಿಯ ಮಿಸ್ ಯುಲಾಲಿ ಎಲ್ಲ ನೋಡುತ್ತಿದ್ದಳು. "ಗಂಡ ಕೊಟ್ಟ ಕಾರ್ಡು ತಾನೇ ಮಗಳೇ? ಎರಡು ಬಾಟ್ಲಿ ತಗೊಂಡೆ ಅಂತ ಉಜ್ಜು. ನೋಟು ನಾನ್ ಕೊಡ್ತೀನಿ," ಅಂದಳು. ಹಾಗೇ ಮಾಡಿ, ಬೋಯ್ಸ್ ಮರಳಿ ಬಂದ ಮೇಲೆ ಅವನ ಮಧ್ಯಾಹ್ನದ ದೋಣಿ ಹತ್ತಿದೆ.

ನಡುನೀರಿನಲ್ಲಿ ನಿನ್ನ ಕರೆ ಬಂತು. "ಹಾಡುಹಗಲೇ ರಮ್ ಅಂಗಡೀಲಿ ಯಾರ್ ಜೊತೆ ಕೂತಿದ್ದೆ?" ಅಂದೆ ನೀನು. ಟಾಂಟಿ ಎಂದು ನಾನು ಕೂಗುತ್ತಲೇ ಇದ್ದೆ. ನಿನಗೆ ಕೇಳಿಸಿದ್ದು ಬೋಯ್ಸ್‌ನ ದನಿ ಮಾತ್ರ. "ಕಾರ್ಡ್ ನಿಲ್ಲಿಸಿದೀನಿ. ಹೇಗೆ ವಾಪಸ್ ಬರ್ತೀಯೋ ನೋಡ್ತೀನಿ," ಅಂದು ನೀನು ಫೋನ್ ಇಟ್ಟೆ.

ಬೆಳಗಿನ ದೋಣಿ ಬಂದಾಗ ಟಾಂಟಿಗೆ ಇನ್ನೂ ಮಾತಿತ್ತಂತೆ. ಇಳಿದು ನೋಡಲು ಬಂದವರ ಹತ್ತಿರವೆಲ್ಲ "ನಮ್ಮ ವರ್ಲಿನ್ ಬಂದ್ಲಾ?" ಎಂದು ಕೇಳಿದಳಂತೆ. ನಾನು ಬರುವಷ್ಟರಲ್ಲಿ ಮಾತು ನಿಂತಿತ್ತು. ನನ್ನ ಬೆರಳನ್ನು ಮಾತ್ರ ಹಿಡಿದುಕೊಂಡಿದ್ದಳು. ಮಂಗಳವಾರ ಮಧ್ಯಾಹ್ನ ಹಿಡಿತ ಸಡಿಲಾಯಿತು. ನಿನ್ನೆ ಮಣ್ಣು ಮಾಡಿದೆವು. ಊರವರೇ ದೊಡ್ಡ ಹಂಡೆಯಲ್ಲಿ ಮೆಕ್ಕೆಜೋಳದ ಮುದ್ದೆ ತಿರುವಿದರು, ಯಾರೂ ನನ್ನಿಂದ ಒಂದು ನೋಟನ್ನೂ ಕೇಳಲಿಲ್ಲ. ನಾನು ಅತ್ತದ್ದು ಆಗ.

ಸಿಟ್ಟಿನಿಂದಲೇ ಬರೆಯಲು ಕೂತೆ, ಈಗ ಬರೀ ಆಯಾಸ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನಿರುವ ಕಡೆ ಕಡಲು ಶಾಂತವಾಗಿರಲಿ.

ನಿನ್ನ,
ವರ್ಲಿನ್

ಇನ್ನೊಂದು ಮಾತು, ದೋಣಿ ಹೊರಡುವುದರೊಳಗೆ: ಬೋಯ್ಸ್ ನನ್ನನ್ನು ಬಿಟ್ಟಿಯಾಗಿ ವಾಪಸ್ ಕರೆದೊಯ್ಯುತ್ತೇನೆ ಅಂದ. ಬೇಡವೆಂದೆ. ಇಲ್ಲಿ ಮೀನು ಸೀಳುವ ಕೆಲಸ ಸಿಕ್ಕಿದೆ. ಅಂಚೆಗೆ ಹಾಕಲು ಈ ಪತ್ರವನ್ನೂ, ಮಿಸ್ ಯುಲಾಲಿಗೆ ಕೊಡಲು ಮನೆಯ ಬೀಗದ ಕೈಯನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ರಜೆಗೆ ಬಂದಾಗ ಅವಳನ್ನು ಕೇಳು. ಆ ಮನೆಗೆ ನಾನು ಬರುವುದಿಲ್ಲ.