ಎಂಟು ತುಂಡು ಆರ್‌ಎನ್‌ಎ

ಸೆಪ್ಟೆಂಬರ್ 9, ಸೋಮವಾರ

ಥರ್ಮೊಕೋಲ್ ತ್ರಿಕೋನ ಇಪ್ಪತ್ತೂ ಅಂಟಿಸಿ ಆಯ್ತು. ಕ್ಲಾಸಿಗೆ ಮಾಡ್ತಿರೋ ವೈರಸ್ ಮಾಡೆಲ್ಲಿನ ಹೊರಕವಚ ರೆಡಿ. ಗುಬ್ಬಿ—ನನ್ನ ರೂಮ್‌ಮೇಟ್—ಅದನ್ನ ತಲೆ ಮೇಲಿಟ್ಕೊಂಡು ರೂಮೆಲ್ಲಾ ಕುಣಿದಳು.

ಸಂಜೆ ಹಾಸ್ಟೆಲ್ ಕಾಮನ್ ರೂಮಲ್ಲಿ ಟಾಪರ್ ಅಕ್ಕ ನಡೆಸೋ ವೈವಾ. ಫೈನಲ್ ಇಯರ್ ಅವಳು. ಫಸ್ಟ್ ಇಯರ್‌ನವರೆಲ್ಲಾ ಜೋಡಿ ಜೋಡಿಯಾಗಿ ಎದುರುಬದುರು ನಿಲ್ಬೇಕು. ಒಬ್ಬಳು ತಪ್ಪು ಹೇಳಿದ್ರೆ ಎದುರಿನವಳು ಕೆನ್ನೆಗೆ ಬಾರಿಸ್ಬೇಕು. ಅಕ್ಕ ಮಾತ್ರ ಕೈ ಎತ್ತಲ್ಲ. ಕುರ್ಚೀಲಿ ಕೂತು ನೇಲ್ ಪಾಲಿಶ್ ಹಚ್ತಿರ್ತಾಳೆ.

"ವೈರಸ್ ಒಳಗೆ ಏನಿರುತ್ತೆ?"

"ಡಿಎನ್‌ಎ, ಆರ್‌ಎನ್‌ಎ... ಎರಡೂ," ಅಂದ್ಳು ಗುಬ್ಬಿ.

"ಎರಡರಲ್ಲಿ ಒಂದು ಕಣೇ, ದಡ್ಡಿ." ನನ್ನ ಕಡೆ ತಿರುಗಿ, "ಹೊಡಿ."

ಮೆಲ್ಲಗೆ ತಟ್ಟಿದೆ.

"ಹೊಡೀತಿದೀಯೋ, ಪೌಡರ್ ಹಚ್ತಿದೀಯೋ?"

ಎಲ್ಲರೂ ನಕ್ಕರು. ಗುಬ್ಬೀನೂ. ಮತ್ತೆ ಹೊಡೆದೆ, ಸದ್ದು ಬರೋ ಹಾಗೆ.

ಸೆಪ್ಟೆಂಬರ್ 11

ಕ್ಲಾಸಲ್ಲಿ ಸರ್: "ವೈರಸ್ಸಿಗೆ ಸ್ವಂತ ರೈಬೋಸೋಮ್ ಇಲ್ಲ. ಪ್ರೋಟೀನ್ ಕಟ್ಟೋಕೆ ಜೀವಕೋಶದ್ದನ್ನೇ ದುಡಿಸ್ಕೊಳ್ಳುತ್ತೆ." ನೋಟ್ಸ್ ಬರೀತಾ ಬೆರಳು ನೋವು. ಬರೆದದ್ದಕ್ಕಲ್ಲ.

ಗುಬ್ಬಿ ಕೆನ್ನೆ ಊದಿದೆ. "ಒಂದೇ ಕಡೆ ಹೊಡೀಬೇಡ್ವೇ, ಮುಖ ಸೊಟ್ಟ ಆಗುತ್ತೆ," ಅಂತಾಳೆ. ಕೂರಿಸ್ಕೊಂಡು ಫ್ಲೂ ವೈರಸ್ ಹೇಳಿಕೊಟ್ಟೆ. ಜೀನೋಮ್ ಎಂಟು ತುಂಡು ಆರ್‌ಎನ್‌ಎ. ಎಂಟು. ಬಾಯಿಪಾಠ ಆಗೋವರೆಗೂ ಬಿಡಲಿಲ್ಲ.

ಸೆಪ್ಟೆಂಬರ್ 12, ಸಂಜೆ

"ಫ್ಲೂ ವೈರಸ್ಸಲ್ಲಿ ಆರ್‌ಎನ್‌ಎ ಎಷ್ಟು ತುಂಡು?" ಅಂತ ಅಕ್ಕ ಕೇಳಿದ್ರೆ, ಗುಬ್ಬಿ "ಏಳು" ಅಂದ್ಳು.

ಅಕ್ಕ ಇನ್ನೂ "ಹೊಡಿ" ಅಂದಿರಲಿಲ್ಲ. ಹೊಡೆದೆ. ಅಷ್ಟು ಹೇಳಿಕೊಟ್ಟಿದ್ದೆ, ಎಲ್ಲರೆದುರು ನನ್ನ ಮರ್ಯಾದೆ ತೆಗೆದ್ಳು ಅನ್ನಿಸ್ತು. ಬಿದ್ದಳು. ಬೆಂಚಿನ ಅಂಚು ಹಣೆಗೆ ಬಡೀತು. ಜಡೆ ಹಿಡಿದು ಎಬ್ಬಿಸಿ ಇನ್ನೊಂದು ಕೊಟ್ಟೆ. ಆಮೇಲೆ ಇನ್ನೊಂದು. ಕಿವಿಯಿಂದ ರಕ್ತ... ಸಣ್ಣ ಗೆರೆ.

ಯಾರೂ ನಗಲಿಲ್ಲ.

ಸೆಪ್ಟೆಂಬರ್ 17

ಗುಬ್ಬಿ ಕಿವಿ ತಮಟೆ ಹರಿದಿದೆಯಂತೆ. "ಬಾತ್‌ರೂಮಲ್ಲಿ ಜಾರಿದೆ," ಅಂದಿದಾಳೆ, ಡಾಕ್ಟರಿಗೂ, ಅವರಮ್ಮನಿಗೂ.

ಮೆಟ್ಟಿಲ ಹತ್ರ ಅಕ್ಕ ಸಿಕ್ಕಳು. "ವಾರ್ಡನ್ ಹತ್ರ ಹೋಗ್ತೀಯಾ? ಹೋಗು. ನಾನು ಯಾರನ್ನಾದ್ರೂ ಮುಟ್ಟಿದೀನಾ?"

ಇಲ್ಲ. ಒಂದು ಸಲಾನೂ ಇಲ್ಲ. ಹೇಳಿದ್ರೆ ಕಾಲೇಜು ಬಿಡೋದು ನಾನೇ.

ಆಮೇಲೆ ಹೆಗಲ ಮೇಲೆ ಕೈ ಹಾಕಿದಳು. "ಹೆದರ್ಬೇಡ್ವೇ. ನಿನ್ನ ಕೈ ಪಳಗಿದೆ. ನಾಳೆಯಿಂದ ಕುರ್ಚಿ ನಿಂದು. ಪ್ರಶ್ನೆ ನೀನೇ ಕೇಳು."

ಒಂದು ಕ್ಷಣ ಖುಷಿ ಆಯ್ತು. ನಿಜವಾಗ್ಲೂ ಆಯ್ತು. ರೂಮಿಗೆ ಬಂದು ಗುಬ್ಬಿ ಕಿವಿಯ ಹತ್ತಿ ಬದಲಾಯಿಸಿದೆ.

ಸೆಪ್ಟೆಂಬರ್ 18, ಸಂಜೆ 6

ವಾರ್ಡನ್ ರೂಮಿನ ಹೊರಗೆ, ಬೆಂಚ್ ಮೇಲೆ. ಗುಬ್ಬಿ ಹಿಂದೆನೇ ಬಂದ್ಳು, ಕಿವೀಲಿ ಹತ್ತಿ.

"ನಿನ್ನ ಓಡಿಸಿಬಿಡ್ತಾರೆ ಕಣೇ."

"ಗೊತ್ತು."

"ಏನಂದೆ? ಈ ಕಡೆ ಬಂದು ಕೂತ್ಕೋ. ಆ ಕಿವಿ ಕೇಳಲ್ಲ."

ಜಾಗ ಬದಲಾಯಿಸಿದೆ. ಆ ಕಡೆ ಕಾಮನ್ ರೂಮಲ್ಲಿ ಆಗ್ಲೇ ಬೆಂಚು ಸರಿಸೋ ಸದ್ದು... ಜೋಡಿ ನಿಲ್ತಿದಾರೆ. ನನ್ನನ್ನೇ ಕಾಯ್ತಿರ್ತಾರೆ.

ಒಳಗಿಂದ ವಾರ್ಡನ್, "ಯಾರಮ್ಮಾ ಅದು? ಬಾ."

ಮೊದಲು ನನ್ನ ಹೆಸರು ಹೇಳ್ಬೇಕು. ಆಮೇಲೆ ಅಕ್ಕನ—